ಇದ್ದಿಲಿನ ವಕೀಲ ಮರ್ದಾನಸಾಬ

ಲಕ್ಷ್ಮೇಶ್ವರದ ಮರ್ದಾನಸಾಬರು ಗದಗಿನ ಕರೆಂಟ್ ಮನೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಿಲು ಹಾಕುತ್ತಿದ್ದರು. ಅವರ ಒಲೆ ಉರಿದರೆ ಉಗಿ, ಉಗಿಯಿಂದ ಗಾಲಿ, ಗಾಲಿಯಿಂದ ಪೇಟೆಯ ದೀಪ. ಸಂಜೆ ದೀಪ ಹತ್ತಿದ ಕೂಡಲೇ ಹೊರಗೆ ಬಂದು ಬೀದಿಯನ್ನು ಒಮ್ಮೆ ನೋಡಿ ಒಳಗೆ ಹೋಗುವುದು ಅವರ ರೂಢಿ.

೧೯೫೬ರ ಅಕ್ಟೋಬರ್ ಕೊನೆಯ ವಾರ. ಕನ್ನಡದ ನಾಡು ಒಂದಾಗುವ ದಿನ ಹತ್ತಿರವಾಗಿ ಊರೆಲ್ಲ ಓಡಾಟದಲ್ಲಿತ್ತು. ಅದರ ನಡುವೆ ಪತ್ರಿಕೆಯಲ್ಲಿ ಇನ್ನೊಂದು ಸುದ್ದಿ ಬಂತು: ಇಂಗ್ಲೆಂಡಿನಲ್ಲಿ ಅಣುಶಕ್ತಿಯಿಂದ ಊರಿಗೆ ವಿದ್ಯುತ್ ಕೊಟ್ಟಿದ್ದಾರೆ. ಬೆಟಗೇರಿಯ ವಿಜ್ಞಾನದ ಮಾಸ್ತರ ಹೇಮಪ್ಪ ಆ ಹಾಳೆಯನ್ನು ಹಿಡಿದುಕೊಂಡೇ ಕರೆಂಟ್ ಮನೆಗೆ ಬಂದರು.

"ಸಾಬರ, ನಮ್ಮ ಶಾಲಿಯೊಳಗ ಚರ್ಚಾ ಇಟ್ಟೇವಿ. ನಾಳಿನ ನಾಡಿಗೆ ಇದ್ಲಿ ಬೇಕೋ, ಅಣು ಬೇಕೋ ಅಂತ. ಅಣುವಿನ ಪರ ನಾನು. ಇದ್ಲಿ ಪರ ನೀವು ಮಾತಾಡಬೇಕ್ರಿ."

"ನಾನ? ನಾಕ ಮಂದಿ ಮುಂದ ನಿಂತ್ರ ನನ್ನ ಬಾಯಿ ಒಣಗತೈತ್ರಿ."

"ಬೆಂಕಿ ಮುಂದ ದಿನಾ ನಿಂದರ್ತೀರಿ. ಮಂದಿ ಅದಕ್ಕಿಂತ ಸುಡೂದಿಲ್ಲ."

ಒಪ್ಪಿಕೊಂಡ ಮೇಲೆ ಸಾಬರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಲಿಕೆ ಹಿಡಿದಾಗಲೂ ಭಾಷಣ, ರೊಟ್ಟಿ ತಿನ್ನುವಾಗಲೂ ಭಾಷಣ. ಹೆಂಡತಿ ಅಮೀನಬಿ ಇದ್ದುದರಲ್ಲೇ ಬೆಳ್ಳಗಿನ ಅಂಗಿಯನ್ನು ತೆಗೆದಿಟ್ಟಳು.

ಚರ್ಚೆಯ ಸಂಜೆ ಶಾಲೆಯ ಅಂಗಳ ತುಂಬಿತ್ತು. ಗಿರಣಿಯವರು, ನೇಕಾರರು, ಸೊರಟೂರಿನಿಂದ ಗಾಡಿ ಕಟ್ಟಿಕೊಂಡು ಬಂದವರು. ಹೇಮಪ್ಪ ಮೊದಲು ಎದ್ದು, ವ್ಯಾಗನ್‌ಗಟ್ಟಲೆ ಇದ್ದಿಲು ಮಾಡುವ ಕೆಲಸವನ್ನು ಸ್ವಲ್ಪವೇ ಯುರೇನಿಯಂ ಮಾಡುತ್ತದೆ, ಹೊಗೆ ಇಲ್ಲ, ಮಸಿ ಇಲ್ಲ ಎಂದಾಗ ಜನ ಕೂತಲ್ಲೇ ಮುಂದಕ್ಕೆ ಜರುಗಿದರು.

ಮರ್ದಾನಸಾಬರು ಎದ್ದರು. ಕಲಿತ ಭಾಷಣ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನೇ ಹೇಳಿದರು.

"ನನಗ ಅಣು ಗೊತ್ತಿಲ್ರಿ, ಇದ್ಲಿ ಗೊತ್ತೈತಿ. ಏನರ ಹೆಚ್ಚುಕಮ್ಮಿ ಆದ್ರ ಬೆಂಕಿ ಹೊರಗ ಎಳದು ನೀರು ಹೊಡೀತೇವಿ, ಮುಗೀತು. ಬೂದಿ ತಗ್ಗಿಗೆ ಸುರುವತೇವಿ, ಎಲ್ಲಿ ಬಿದ್ದೈತಿ ಅಂತ ಕಣ್ಣಿಗೆ ಕಾಣತೈತಿ. ಮಾಸ್ತರ ಬೆಂಕಿ ಹಂಗ ಆರತೈತೇನ್ರಿ?"

ಹೇಮಪ್ಪ ಮುಚ್ಚಿಡುವ ಮನುಷ್ಯನಲ್ಲ. "ಲಗೂನ ಆರೂದಿಲ್ರಿ. ಉರದು ಮುಗದ ಮ್ಯಾಲೂ ಅದರಾಗ ಕಣ್ಣಿಗೆ ಕಾಣದ ವಿಷ ಭಾಳ ವರ್ಷ ಇರತೈತಿ. ಎಲ್ಲಿ ಇಡಬೇಕು ಅಂತ ದೊಡ್ಡವರೂ ಇನ್ನೂ ವಿಚಾರ ಮಾಡಾಕ ಹತ್ಯಾರ. ಆ ಕೆಲಸ ಆಗಬೇಕು."

ಚಪ್ಪಾಳೆ ಬಿತ್ತು. ಇದ್ದಿಲಿನ ಪರ ಯಾರು ಎಂದು ಕೇಳಿದಾಗ ಅಂಗಳದ ತುಂಬ ಕೈಗಳು. ಸಾಬರ ಮುಖ ಅರಳಿತು. ಅಣುವಿನ ಪರ ಎಂದಾಗ ಹೆಂಗಸರ ಕಡೆಯಿಂದ ಮೊದಲು ಎದ್ದ ಕೈ ಅಮೀನಬಿಯದು.

ಜನ ಗೊಳ್ಳೆಂದು ನಕ್ಕರು. ಯಾಕವ್ವಾ ಎಂದು ಯಾರೋ ಕೇಳಿದರು. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಇವರ ಅಂಗಿ ಒಗ್ಯಾಕಿ ನಾನ್ರಿ. ನೀರು ಕರ್ರಗ ಹೋಗತೈತಿ. ಮುಂಜಾನೆ ಕೆಮ್ಮಿದ್ರ ಉಗುಳೂ ಕರ್ರಗ. ಬೂದಿ ಕಣ್ಣಿಗೆ ಕಾಣತೈತಿ ಅಂದ್ರು. ಎದಿಯೊಳಗ ಹೋದದ್ದು ಯಾರಿಗೆ ಕಾಣತೈತ್ರಿ?"

ನಗು ನಿಂತಿತು. ಒಂದೊಂದಾಗಿ ಗಿರಣಿಯವರ ಕೈಗಳು ಮೇಲೆದ್ದವು. ಎಣಿಸುವವರು ಗೊಂದಲಕ್ಕೆ ಬಿದ್ದು, ಎರಡೂ ಸಮ ಎಂದು ಸಾರಿ ಸಭೆ ಮುಗಿಸಿದರು.

ಮನೆಯ ದಾರಿಯಲ್ಲಿ ಸಾಬರು ಹೆಂಡತಿಯ ಕಡೆ ತಿರುಗಿದರು. "ನನ್ನ ವಿರುದ್ಧ ಕೈ ಎತ್ತಿದಿಯಲ್ಲ," ಎಂದರು.

"ನಿಮ್ಮ ವಿರುದ್ಧ ಅಲ್ರಿ, ಹೊಗಿ ವಿರುದ್ಧ."

ಅವರು ಮೊದಲು ಸಣ್ಣಗೆ, ಆಮೇಲೆ ಜೋರಾಗಿ ನಕ್ಕರು. ನವೆಂಬರ್ ಒಂದರ ಮೆರವಣಿಗೆಗೆ ದೀಪ ಉರಿಸಲು ಬಾಯ್ಲರಿನ ಮುಂದೆ ನಿಂತಾಗ ಮೂಗಿಗೆ ಒದ್ದೆ ವಸ್ತ್ರ ಕಟ್ಟಿಕೊಂಡಿದ್ದರು; ಅದನ್ನು ಕಟ್ಟಿದವಳು ಅಮೀನಬಿ.

ಕೆಲವು ವರ್ಷಗಳಲ್ಲಿ ಇದ್ದಿಲೂ ಅಲ್ಲದ, ಅಣುವೂ ಅಲ್ಲದ, ಅಣೆಕಟ್ಟಿನ ನೀರಿನ ಕರೆಂಟು ಬಂತು. ಬಾಯ್ಲರು ತಣ್ಣಗಾಯಿತು. ಸಾಬರು ಹಳ್ಳಿಗಳಿಗೆ ಕಂಬ ನೆಡುವ ತಂಡ ಸೇರಿ, ಬಯಲ ಗಾಳಿಯಲ್ಲಿ ದುಡಿದರು. ಕೆಮ್ಮು ಕಡಿಮೆಯಾಯಿತು. ಹಮ್ಮಿಗಿಯಲ್ಲಿ ಮೊದಲ ದೀಪ ಹತ್ತುವ ದಿನ ಅವರು ಅಮೀನಬಿಯನ್ನೂ ಹೇಮಪ್ಪ ಮಾಸ್ತರರನ್ನೂ ಕರೆದುಕೊಂಡು ಹೋಗಿ, ಊರಿನವರಿಗಿಂತ ಮುಂದೆ ನಿಲ್ಲಿಸಿದರು.