ಬುಟ್ಟಿಯಮ್ಮನ ಬಾಗಿಲಿನ ಬೋರ್ಡು

ನನ್ನ ಅಕ್ಷರ ಚಂದ ಎಂದು ಯಾರಾದರೂ ಹೊಗಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಬದುಕಿಡೀ ಕನ್ನಡ ಶಾಲೆಯಲ್ಲಿ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಹೀಗೆ ಹೇಳಬಾರದು, ಗೊತ್ತು. ಆದರೆ ನಾನು ಅತಿ ಚಂದವಾಗಿ ಬರೆದದ್ದು ಒಂದೇ ಒಂದು ಸಾಲು, ಅದೂ ತಗಡಿನ ಮೇಲೆ, ನೀಲಿ ಬಣ್ಣದಲ್ಲಿ. ಆಗ ನನಗೆ ಹದಿನಾರು.

ನಮ್ಮದು ಹೊನ್ನಾವರ ದಾಟಿ ಕುಮಟಾದ ಕಡೆ ಹೋಗುವಾಗ ಸಿಗುವ, ಕಡಲ ದಂಡೆಯ ಮೀನುಗಾರರ ಕೇರಿ. ಅಪ್ಪ ಮತ್ತು ದೊಡ್ಡಪ್ಪ ದೋಣಿಗೆ ಹೋಗುವವರು. ಅವರಿಬ್ಬರ ತಾಯಿ, ಅಂದರೆ ನನ್ನ ಅಜ್ಜಿ, ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ಸುತ್ತಿ ಮೀನು ಮಾರುವವಳು. ಕೇರಿಯ ತುದಿಯಲ್ಲಿ ಒಂದು ಹೊನ್ನೆ ಮರ, ಮರದ ಬುಡದಲ್ಲಿ ಗೇಣೆತ್ತರದ ಒಂದು ಕಪ್ಪು ಕಲ್ಲು. ಆ ಕಲ್ಲೇ ನಮ್ಮ ದೇವರು. ಹೆಂಗಸರು ಅವಳನ್ನು ಬುಟ್ಟಿಯಮ್ಮ ಎನ್ನುತ್ತಿದ್ದರು.

ಆ ಹೆಸರು ಬಂದ ಕತೆಯನ್ನು ಅಜ್ಜಿ ನೂರು ಸಲ ಹೇಳಿದ್ದಾಳೆ. ಆಗ ರಂಪಣಿ ಬಲೆಯ ಕಾಲ. ಇಡೀ ಕೇರಿ ದಡದಲ್ಲಿ ಸಾಲಾಗಿ ನಿಂತು ಹಗ್ಗ ಎಳೆಯಬೇಕಾದ ದೊಡ್ಡ ಬಲೆ ಅದು. ಒಂದು ದಿನ ಬಲೆಯಲ್ಲಿ ಮೀನಿನ ಜೊತೆ ಈ ಕಲ್ಲು ಬಂತಂತೆ. ಬಲೆ ಹರಿಯಿತು ಎಂದು ಗಂಡಸರು ಕಲ್ಲಿಗೆ ಬಾಯಿಗೆ ಬಂದದ್ದು ಬೈದು ಅತ್ತ ಎಸೆದರಂತೆ. ಅಜ್ಜಿಯ ಅತ್ತೆ ಅದನ್ನು ಎತ್ತಿ, ಬಂಗಡೆ ಮೀನು ತುಂಬಿದ ತನ್ನ ಬುಟ್ಟಿಯಲ್ಲೇ ಇಟ್ಟುಕೊಂಡು, ತಲೆಯ ಮೇಲೆ ಹೊತ್ತು ತಂದು ಹೊನ್ನೆ ಮರದ ಬುಡದಲ್ಲಿ ಕೂರಿಸಿದಳು. "ಗಂಡಸ್ರು ಬಿಸಾಕಿದ್ದನ್ನ ಹೆಂಗಸ್ರು ದೇವ್ರು ಮಾಡಿದ್ರು" ಎಂದು ಅಜ್ಜಿ ನಗುತ್ತಿದ್ದಳು. ಅಂದಿನಿಂದ ಪೂಜೆ ಹೆಂಗಸರದ್ದೇ. ಅತ್ತೆಯಿಂದ ಅಜ್ಜಿಯ ಕೈಗೆ ಬಂತು.

ಪೂಜೆಯೆಂದರೆ ಏನು ಮಹಾ. ಬೆಳಿಗ್ಗೆ ಮೀನು ತುಂಬಿದ ಬುಟ್ಟಿಯನ್ನು ಕಲ್ಲಿನ ಎದುರು ಇಳಿಸುವುದು, ಒಂದು ತಂಬಿಗೆ ಸಮುದ್ರದ ನೀರು ಹೊಯ್ಯುವುದು, ಕುಂಕುಮ, ಒಂದು ಕೆಂಪು ದಾಸವಾಳ. ಆಮೇಲೆ ಮಾತು. ಅಜ್ಜಿ ಮಂತ್ರ ಹೇಳಿದವಳಲ್ಲ, ನೆರೆಮನೆಯವಳ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದಳು. ಮೀನು ಸಿಗದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದಳು. "ಎಂತ, ನಿಂಗೆ ಕಣ್ಣಿಲ್ವಾ? ಮೂರು ದಿನ ಆತು, ಖಾಲಿ ದೋಣಿ ಬರೂಕೆ ಹಿಡ್ದು. ನಾ ಬರಿಗೈಲಿ ಬಂದ್ರೆ ನಿಂಗೆ ಹೂ ಎಲ್ಲಿಂದ ತರೂದು?" ಎಂದು ಸೊಂಟದ ಮೇಲೆ ಕೈ ಇಟ್ಟು ಕೇಳುತ್ತಿದ್ದಳು. ಕೇರಿಯ ಹೆಂಗಸರೆಲ್ಲ ಹಾಗೆಯೇ. ಗಂಡ ಕುಡಿದು ಹೊಡೆದದ್ದು, ಮಗಳು ಬಸುರಾದದ್ದು, ಗಾಳಿ ಎದ್ದರೂ ದೋಣಿ ಬಾರದ್ದು, ಎಲ್ಲವನ್ನೂ ಬುಟ್ಟಿ ಇಳಿಸಿ ಅಲ್ಲೇ ಹೇಳಿಕೊಳ್ಳುವುದು. ಮುಟ್ಟು, ಸೂತಕ, ಮೀನಿನ ನೀರು, ಯಾವುದಕ್ಕೂ ಬುಟ್ಟಿಯಮ್ಮ ಬೇಡ ಅಂದದ್ದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಇಂಜಿನ್ ಬೋಟುಗಳು ಬಂದವು. ರಂಪಣಿ ಮೂಲೆ ಸೇರಿತು. ದೊಡ್ಡಪ್ಪನೂ ಕೆಲವರ ಜೊತೆ ಸೇರಿ ಬೋಟು ಮಾಡಿದ. ಕೈಯಲ್ಲಿ ನಾಲ್ಕು ಕಾಸು ಆಡಿದ ಕೂಡಲೇ ನಮ್ಮ ಗಂಡಸರಿಗೆ ಇದ್ದಕ್ಕಿದ್ದ ಹಾಗೆ ದೇವಿಯ ನೆನಪಾಯಿತು. ಕಮಿಟಿ ಆಯಿತು, ದೊಡ್ಡಪ್ಪ ಅಧ್ಯಕ್ಷನಾದ. ಕಮಿಟಿಯಲ್ಲಿ ಹೆಂಗಸರಿರಲಿಲ್ಲ. ಇರಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ಅಜ್ಜಿಗೂ ಹೊಳೆಯಲಿಲ್ಲ. ಹೊನ್ನೆ ಮರವನ್ನು ಕಡಿದು ಬುಡವನ್ನಷ್ಟೇ ಉಳಿಸಿದರು. ಕಲ್ಲನ್ನು ಹತ್ತು ಮಾರು ಆಚೆ ಸರಿಸಿ ಅದಕ್ಕೊಂದು ಸಿಮೆಂಟಿನ ಗುಡಿ, ಸುತ್ತ ಪಾಗಾರದ ಗೋಡೆ, ಗೇಟು. ಕುಮಟಾ ಕಡೆಯಿಂದ ಭಟ್ಟರು ಬಂದು ಬುಟ್ಟಿಯಮ್ಮನಿಗೆ ಉದ್ದನೆಯ ಒಂದು ಸಂಸ್ಕೃತ ಹೆಸರಿಟ್ಟರು. ಅಜ್ಜಿಗೆ ಆ ಹೆಸರು ಕೊನೆಯವರೆಗೂ ನಾಲಿಗೆಗೆ ಹೊರಳಲಿಲ್ಲ.

ಪ್ರತಿಷ್ಠೆಯ ಮರುದಿನ ದೊಡ್ಡಪ್ಪ ಒಂದು ತಗಡು, ನೀಲಿ ಬಣ್ಣದ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದ. "ತಂಗಿ, ನಿನ್ನ ಅಕ್ಷರ ಮುತ್ತಿನ ಹಾಂಗೆ ಅದೆ ಅಂತ ಮಾಸ್ತರ್ರೂ ಹೇಳಿದ್ರು. ದೇವಸ್ಥಾನಕ್ಕೆ ಒಂದು ಬೋರ್ಡು ಬರ್ದುಕೊಡು" ಎಂದ. ಕೇರಿಯಲ್ಲಿ ಹತ್ತನೇ ಇಯತ್ತೆಗೆ ಹೋದ ಮೊದಲ ಹುಡುಗಿ ನಾನು. ಉಬ್ಬಿ ಹೋದೆ. ಜಗಲಿಯ ಮೇಲೆ ತಗಡು ಹಾಸಿ, ಸ್ಕೇಲಿನಲ್ಲಿ ಗೆರೆ ಎಳೆದು, ನಾಲಿಗೆ ಹೊರಗೆ ಚಾಚಿಕೊಂಡು ಬರೆದೆ. ಮೀನಿನ ಬುಟ್ಟಿಯೊಂದಿಗೆ ಒಳಗೆ ಬರಬಾರದು. ಕೆಳಗೆ ಸಣ್ಣದಾಗಿ, ಆಡಳಿತ ಮಂಡಳಿ.

ಏನು ಬರೆಯುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನನ್ನ ಕಣ್ಣೆಲ್ಲ ಒತ್ತಕ್ಷರ ಸರಿಯಾಗಿ ಕೂತಿತೋ ಇಲ್ಲವೋ ಎನ್ನುವುದರ ಮೇಲಿತ್ತು.

ಅಷ್ಟರಲ್ಲಿ ಅಜ್ಜಿ ಮೀನಿಗೆ ಉಪ್ಪು ಹಾಕುತ್ತಿದ್ದವಳು ಎದ್ದು ಬಂದಳು. ಅವಳಿಗೆ ಓದಲು ಬಾರದು. ಕೈಯನ್ನು ಸೀರೆಗೆ ಒರೆಸಿಕೊಂಡು, "ಎಂತ ಬರ್ದದ್ದೇ ಅದು?" ಎಂದು ಕೇಳಿದಳು.

ನನ್ನ ಬಾಯಿಂದ ಸುಳ್ಳು ಬಂತು. "ಅಮ್ಮನ ಹೆಸ್ರು ಅಜ್ಜಿ."

ದೊಡ್ಡಪ್ಪನೇ ಅವಳಿಗೆ ಹೇಳಲಿ, ನಾನು ಯಾಕೆ ಹೇಳಬೇಕು ಎಂದು ಆಗ ಅನ್ನಿಸಿತ್ತು. ಅಜ್ಜಿ ಬಗ್ಗಿ, ಒಂದು ಅಕ್ಷರವನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಬಣ್ಣ ಹಸಿಯಿತ್ತು. ಅವಳ ರೆಪ್ಪೆಯ ಮೇಲೆ ನೀಲಿ ಚುಕ್ಕೆ ಆಯಿತು. ನಾನು ಮುಟ್ಟಬೇಡ ಎಂದು ಕೂಗಿ, ಅಕ್ಷರ ಹಾಳಾದದ್ದಕ್ಕೆ ಅವಳಿಗೇ ಬೈದೆ.

ಮರುದಿನ ಬೆಳಿಗ್ಗೆ ಅಜ್ಜಿ ಎಂದಿನಂತೆ ಬುಟ್ಟಿ ಹೊತ್ತು ಹೊರಟಳು. ನನಗೆ ಶಾಲೆಗೆ ಹೋಗುವ ದಾರಿ ಅದೇ, ಹಿಂದೆ ಹಿಂದೆ ಹೋದೆ. ಗೇಟಿಗೆ ಬೋರ್ಡನ್ನು ತಂತಿಯಿಂದ ಕಟ್ಟಿ ಆಗಿತ್ತು. ದೊಡ್ಡಪ್ಪ ಅಲ್ಲೇ ನಿಂತಿದ್ದ, ಭಟ್ಟರೂ ಇದ್ದರು, ನಾಲ್ಕೈದು ಹೆಂಗಸರೂ ಇದ್ದರು.

"ಅಬ್ಬೆ, ಬುಟ್ಟಿ ಹೊರ್ಗೆ ಇಟ್ಟು ಬಾ" ಎಂದ ದೊಡ್ಡಪ್ಪ.

"ಎಂತಕೆ?"

"ಮೈಲಿಗೆ ಆಗ್ತದೆ."

"ಯಾರ್ಗೆ? ನಂಗಾ, ಅವಳ್ಗಾ? ಅವಳು ಬಂದದ್ದೇ ಇದ್ರೊಳಗೆ ಕೂತು!"

ಹೆಂಗಸರು ನಕ್ಕರು. ಭಟ್ಟರ ಎದುರು ದೊಡ್ಡಪ್ಪನ ಮುಖ ಕೆಂಪಾಯಿತು. "ಅವೆಲ್ಲ ಹಳೇ ಕತೆ. ಅಲ್ಲಿ ಬೋರ್ಡು ಕಾಣೂದಿಲ್ವಾ? ಬುಟ್ಟಿ ತರೂಕಿಲ್ಲ ಅಂತ ಬರ್ದದೆ. ನಿನ್ನ ಮೊಮ್ಮಗಳೇ ಬರ್ದದ್ದು, ಕೇಳು!"

ಅಜ್ಜಿ ಬೋರ್ಡು ನೋಡಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಬುಟ್ಟಿ ತಲೆಯ ಮೇಲಿದ್ದುದರಿಂದ ಕತ್ತು ಬಗ್ಗಿಸಲಿಲ್ಲ, ಇಡೀ ಮೈಯನ್ನೇ ತಿರುಗಿಸಿ ನೋಡಿದಳು. ಬುಟ್ಟಿಯನ್ನೂ ಇಳಿಸಲಿಲ್ಲ, ಒಳಗೂ ಹೋಗಲಿಲ್ಲ, ಬಂದ ದಾರಿ ಹಿಡಿದು ಮೀನು ಮಾರಲು ಹೋದಳು. ಸಂಜೆ ಮನೆಗೆ ಬಂದ ಮೇಲೆ ನನಗೆ ಇಷ್ಟೇ ಹೇಳಿದ್ದು. "ಅಕ್ಷರ ಚಂದ ಬಂದದೆ ಅಂತ ಎಲ್ಲಾ ಹೇಳ್ತ್ರು." ಅವಳು ನನಗೆ ಎರಡು ಬಾರಿಸಿದ್ದರೆ ನಾನು ಅಂದೇ ಅತ್ತು ಮುಗಿಸುತ್ತಿದ್ದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮಲ್ಲಿ ಪೂಜಾರಿಗಿಂತ ಮೊದಲು ಮಗ, ಮಗನಿಗಿಂತ ಮೊದಲು ಮೊಮ್ಮಗಳು.

ಆಮೇಲಿನ ಏರ್ಪಾಟು ಹೀಗಾಯಿತು. ಹೆಂಗಸರು ಬುಟ್ಟಿಗಳನ್ನು ಗೇಟಿನ ಹೊರಗೆ ಸಾಲಾಗಿ ಇಟ್ಟು ಒಳಗೆ ಹೋಗಬೇಕು. ಮೀನು ಬಿಟ್ಟು ಹೋದರೆ ಕಾಗೆ, ನಾಯಿ, ಗಿಡುಗ ಬಿಟ್ಟಾವೇ? ಯಾರಾದರೂ ಕಾಯಬೇಕು. ಆ ಕೆಲಸವನ್ನು ಅಜ್ಜಿ ತಾನೇ ಹೊತ್ತುಕೊಂಡಳು. ಕಡಿದ ಹೊನ್ನೆ ಮರದ ಬುಡ ಪಾಗಾರದ ಹೊರಗೆ ಉಳಿದಿತ್ತಲ್ಲ, ಅದರ ಮೇಲೆ ಕೋಲು ಹಿಡಿದು ಕೂರುತ್ತಿದ್ದಳು. ಅಲ್ಲಿಂದ ಗುಡಿಯ ಗೋಡೆ ಕಾಣುತ್ತದೆ, ದೇವಿ ಕಾಣುವುದಿಲ್ಲ. ನೀವೂ ಹೋಗಿ ಬನ್ನಿ, ನಾವು ಕಾಯುತ್ತೇವೆ ಎಂದು ಹೆಂಗಸರು ಹೇಳಿದರೆ, "ನಂಗೆ ಅವ್ಳ ಹೊಸ ಹೆಸ್ರು ಬರೂದಿಲ್ಲ, ಎಂತ ಅಂತ ಕರೂದು?" ಎನ್ನುತ್ತಿದ್ದಳು. ಒಳಗೆ ಭಟ್ಟರ ಎದುರು ಯಾರೂ ಬಾಯಿಬಿಟ್ಟು ಕಷ್ಟ ಹೇಳಿಕೊಳ್ಳುವ ಹಾಗಿರಲಿಲ್ಲ. ತೀರ್ಥ ತೆಗೆದುಕೊಂಡು ಹೊರಗೆ ಬಂದು ಅಜ್ಜಿಯ ಹತ್ತಿರ ಹೇಳಿಕೊಂಡು ಹೋಗುತ್ತಿದ್ದರು.

ನಾನು ಓದು ಮುಗಿಸಿ ಕಾಯ್ಕಿಣಿಯ ಶಾಲೆಗೆ ಟೀಚರಾಗಿ ಹೋದೆ. ರಜೆಗೆ ಬಂದಾಗಲೆಲ್ಲ ಆ ಸಾಲುಬುಟ್ಟಿ ಕಣ್ಣಿಗೆ ಬೀಳುತ್ತಿತ್ತು. ಒಮ್ಮೆ ತಡೆಯಲಾರದೆ ದೊಡ್ಡಪ್ಪನ ಮನೆಗೇ ಹೋಗಿ, ಬೋರ್ಡು ತೆಗೆಸು ಎಂದು ಕೇಳಿದೆ. ಮೀನುಗಾರರ ದೇವಿಗೆ ಮೀನು ಮೈಲಿಗೆಯಾದರೆ ನಾವು ಯಾರು ಎಂದೆ.

ದೊಡ್ಡಪ್ಪ ಬಲೆ ಹೊಲಿಯುವುದನ್ನು ನಿಲ್ಲಿಸಲಿಲ್ಲ. "ಸಣ್ಣವ ಇದ್ದಾಗ ಅಬ್ಬೆ ಜೊತಿಗೆ ಪೇಟೆ ದೇವಸ್ಥಾನಕ್ಕೆ ಹೋಗಿದ್ದೆ. ಮೀನಿನವ್ರು ಅಂತ ಬಾವಿಕಟ್ಟೆ ಹತ್ರನೇ ನಿಲ್ಸಿದ್ರು. ಮೂಗು ಮುಚ್ಚಿ ಪ್ರಸಾದ ಎಸೆದ್ರು. ಈಗ ಅದೇ ಜನ ನಮ್ಮ ಗುಡಿಗೆ ಬಂದು ಕೈ ಮುಗೀತ್ರು. ಅದು ನಿಂಗೆ ಬ್ಯಾಡ್ವಾ?"

"ಅಂದು ನಿನ್ನ ಜೊತೆ ಹೊರಗೆ ನಿಂತವಳನ್ನೇ ಇಂದು ನೀನು ಹೊರಗೆ ಕೂರಿಸಿದ್ದೀಯಲ್ಲ!" ಎಂದು ನಾನು ಕೂಗಿದೆ.

ಅವನು ಬಲೆಯ ದಾರವನ್ನು ಹಲ್ಲಿನಲ್ಲಿ ಕಡಿದ. ಆಮೇಲೆ ಹೇಳಿದ. "ನೀ ಶಾಲೆ ಕಲ್ತವ್ಳು. ಶಾಲೆಲಿ ಪಾಠ ಹೇಳು, ಹೋಗು."

ಎದ್ದು ಬಂದೆ. ದಾರಿಯಲ್ಲಿ ಗೇಟು ಸಿಕ್ಕಿತು. ಬೋರ್ಡಿಗಿದ್ದದ್ದು ಎರಡು ತಂತಿಯ ಕಟ್ಟು, ಅಷ್ಟೇ. ಬಿಚ್ಚಲು ಎಷ್ಟು ಹೊತ್ತು? ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಬಿಚ್ಚಲಿಲ್ಲ. ದೊಡ್ಡಪ್ಪನ ಮೇಲಿನ ನನ್ನ ಸಿಟ್ಟೆಲ್ಲ ಆ ಎರಡು ಗಂಟಿನ ಹತ್ತಿರ ಬಂದು ನಿಲ್ಲುತ್ತದೆ. ಅವನಿಗಾದರೂ ಒಂದು ಕಾರಣವಿತ್ತು.

ಅಜ್ಜಿ ಹಾಸಿಗೆ ಹಿಡಿದಾಗ ನಾನು ರಜೆ ಹಾಕಿ ಬಂದು ಕೂತಿದ್ದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಕೇಳಿದಳು. "ಆ ಬೋರ್ಡಲ್ಲಿ ಎಂತೆಂತ ಬರ್ದಿದ್ಯೇ? ಒಂದ್ಸಲ ಪೂರ್ತಿ ಓದಿ ಹೇಳು." ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಅದನ್ನು ಪೂರ್ತಿ ಓದಿ ಹೇಳಿರಲಿಲ್ಲ. ನಾನು ಗೋಡೆ ನೋಡುತ್ತ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ.

"ಅಷ್ಟೇಯಾ? ಅಮ್ಮನ ಹೆಸ್ರು ಎಲ್ಲಿ ಅದೆ ಅದ್ರಲ್ಲಿ?"

"ಇಲ್ಲ ಅಜ್ಜಿ."

"ನೀ ಅದೆ ಅಂದಿದ್ದೆ." ಬೈದದ್ದಲ್ಲ, ನೆನಪು ಮಾಡಿದ್ದು. ಮತ್ತೆ ಬಾಯಿ ತೆರೆದು ಗಂಜಿ ಕುಡಿದಳು. ಆ ಮಳೆಗಾಲ ಕಳೆಯುವುದರೊಳಗೆ ಹೋದಳು.

ಅದಾಗಿ ಎರಡು ಮೂರು ವರ್ಷಕ್ಕೆ, ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಒಂದು ರಜೆಯಲ್ಲಿ ಊರಿಗೆ ಬಂದವಳು ಬೋರ್ಡು ನೋಡಿದೆ. ಉಪ್ಪುಗಾಳಿಗೆ ತಗಡು ತುಕ್ಕು ಹಿಡಿದಿತ್ತು, ನನ್ನ ಮುತ್ತಿನಂಥ ಅಕ್ಷರ ಒಂದೂ ಉಳಿದಿರಲಿಲ್ಲ. ಎಷ್ಟು ಖುಷಿಯಾಯಿತೆಂದರೆ ಮನೆಗೆ ಓಡಿದೆ. ಅಟ್ಟದಲ್ಲಿದ್ದ ಅಜ್ಜಿಯ ಬುಟ್ಟಿ ಇಳಿಸಿ, ಧೂಳು ಕೊಡವಿ, ದಂಡೆಗೆ ಹೋಗಿ ಬಂಗಡೆ ತುಂಬಿಸಿದೆ. ಇಂದು ಬುಟ್ಟಿಯನ್ನು ಒಳಗೆ ಒಯ್ದೇ ತೀರುತ್ತೇನೆ, ಯಾರು ತಡೆಯುತ್ತಾರೋ ನೋಡೋಣ ಎಂದು ತಲೆಯ ಮೇಲೆ ಹೊತ್ತು ನಡೆದೆ. ಅಭ್ಯಾಸವಿಲ್ಲದ ಕತ್ತು, ಮೀನಿನ ನೀರು ಕಿವಿಯ ಹಿಂದೆ ಇಳಿಯುತ್ತಿತ್ತು.

ಗೇಟಿನ ಹೊರಗೆ ಆಗಲೇ ಏಳೆಂಟು ಬುಟ್ಟಿಗಳು ಸಾಲಾಗಿ ಇದ್ದವು. ಹೊನ್ನೆ ಮರದ ಬುಡದ ಮೇಲೆ ದೊಡ್ಡಪ್ಪನ ಮೊಮ್ಮಗಳು ಕೋಲು ಹಿಡಿದು ಕೂತಿದ್ದಳು. ಎರಡನೇ ಇಯತ್ತೆಯ ಹುಡುಗಿ. ನಾನು ಗೇಟು ದಾಟುವುದರೊಳಗೆ ಓಡಿ ಬಂದು ಅಡ್ಡ ನಿಂತಳು.

"ಅತ್ತೆ, ಬುಟ್ಟಿ ಹೊರ್ಗೆ! ದೇವಿಗೆ ಮೀನು ಆಗೂದಿಲ್ಲ."

"ಯಾರು ಹೇಳಿದ್ದು?"

"ಎಲ್ರಿಗೂ ಗೊತ್ತದೆ. ಅಮ್ಮ ಹೇಳಿದ್ದು, ಚಿಕ್ಕಿನೂ ಹೇಳ್ತದೆ. ಮೊದ್ಲಿಂದನೂ ಹಾಂಗೆಯಾ."

ಒಳಗಿನಿಂದ ಇಬ್ಬರು ಹೆಂಗಸರು ಹೊರಗೆ ಬಂದರು. ಒಂದು ಕಾಲಕ್ಕೆ ಅಜ್ಜಿಯ ಮಾತಿಗೆ ನಕ್ಕವರೇ. ನನ್ನ ತಲೆಯ ಮೇಲಿನ ಬುಟ್ಟಿ ನೋಡಿ ಅವರ ಮುಖ ಸಣ್ಣದಾಯಿತು. ಒಬ್ಬಳು ಮೆಲ್ಲಗೆ, "ಬ್ಯಾಡ ಟೀಚರಮ್ಮ, ಬೋಟು ಸಮುದ್ರದಲ್ಲಿ ಅದೆ" ಎಂದಳು. ಅವಳ ಗಂಡ ಆ ಬೋಟಿನಲ್ಲಿದ್ದ. ಆ ಮಾತಿನ ಮೇಲೆ ಹೆಜ್ಜೆ ಇಡಲು ನನ್ನಿಂದ ಆಗಲಿಲ್ಲ. ಬುಟ್ಟಿ ಇಳಿಸಿದೆ.

"ನೀ ಹೋಗಿ ಬಾ ಅತ್ತೆ, ನಾ ಕಾಯ್ತೆ" ಎಂದು ಹುಡುಗಿ ನನ್ನ ಬುಟ್ಟಿಯನ್ನು ಎಳೆದು ಸಾಲಿನಲ್ಲಿ ಸರಿಯಾಗಿ ಇಟ್ಟಳು.

ನಾನು ಒಳಗೆ ಹೋಗಲಿಲ್ಲ. ಅವಳ ಪಕ್ಕ ಕೂತು, ರಂಪಣಿ ಬಲೆಯಿಂದ ಶುರುಮಾಡಿ, ಗಂಡಸರು ಎಸೆದದ್ದು, ಬಂಗಡೆಯ ಮಧ್ಯೆ ಕೂತು ಅಮ್ಮ ಬಂದದ್ದು, ಅಜ್ಜಿ ಅವಳ ಜೊತೆ ಜಗಳಾಡುತ್ತಿದ್ದದ್ದು, ಕೊನೆಗೆ ನಾನು ಬೋರ್ಡು ಬರೆದದ್ದು, ಎಲ್ಲ ಹೇಳಿದೆ. ಹುಡುಗಿ ನಡುವೆ ಎರಡು ಸಲ ಎದ್ದು ಕಾಗೆ ಓಡಿಸಿ ಬಂದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಗೇಟಿನ ತುಕ್ಕು ಹಿಡಿದ ತಗಡನ್ನು ಕೋಲಿನಿಂದ ತೋರಿಸಿ ಕೇಳಿದಳು.

"ಹಾಂಗಾರೆ ನೀ ಆ ಬೋರ್ಡು ಎಂತಕೆ ಬರ್ದೆ ಅತ್ತೆ?"