ಖಾಲಿ ಹಾಳೆಯ ಸಹಿ

ನನ್ನ ನಾದಿನಿ ತರಗತಿಗೆ ಒಬ್ಬಳೇ ಹುಡುಗಿಯಾಗಿ ಇಂಜಿನಿಯರಿಂಗ್ ಓದಿದವಳು. ಅದೇ ಕಾಲೇಜಿನಲ್ಲಿ ಅಳತೆಯ ಉಪಕರಣಗಳ ಪಾಠ ಹೇಳುತ್ತ ಇಪ್ಪತ್ತೆರಡು ವರ್ಷ ಕಳೆದಳು. ವಿದ್ಯಾರ್ಥಿಗಳು ಇಟ್ಟ ಹೆಸರು ಅಳತೆ ಮೇಡಂ. ಪಕ್ಕದವರ ಅಂಕಿ ಇಳಿಸಿಕೊಂಡವರ ಪುಟಕ್ಕೆ ಕೆಂಪು ಗೆರೆ ಎಳೆದು, “ಕಣ್ಣು ನೋಡಿಲ್ಲ, ಕೈ ಬರೆದಿದೆ. ಎರಡಕ್ಕೂ ಮಾತು ಬಿಟ್ಟಿದೆಯಾ?” ಎನ್ನುವಳು. ಅಡುಗೆಮನೆಯಲ್ಲಿ ನಾನು ಒಂದು ಚಿಟಿಕೆ ಉಪ್ಪು ಅಂದರೆ, “ಯಾರ ಚಿಟಿಕೆ ಅತ್ತಿಗೆ?” ಎಂದು ಕೇಳುವಳು.

ನಲವತ್ತು ದಾಟಿದ ಮೇಲೆ ಪಾಠದ ಜೊತೆಗೆ ಸ್ವಂತ ಕಂಪನಿಯ ಹುಚ್ಚು ಹಿಡಿಯಿತು. ತೂಕ ಸಾಲದ ಎಳೆಗೂಸುಗಳನ್ನು ಬೆಚ್ಚಗಿಡುವ ತೊಟ್ಟಿಲು, ಸಣ್ಣ ಆಸ್ಪತ್ರೆಗೂ ಎಟುಕುವಂಥದ್ದು. ಮುದ್ರಣಾಲಯದ ಮಹಡಿಯಲ್ಲಿ ಎರಡು ಕೋಣೆ ಹಿಡಿದಳು. ತಂತಿ ಬೆಸೆಯಲು ಬಂದ ಹೆಂಗಸನ್ನು ಎಲ್ಲರೂ ಬೆಸುಗೆಯಕ್ಕ ಅನ್ನುತ್ತಿದ್ದೆವು. ಪುಟ್ಟ ಹಾಸಿಗೆಗಳಿಗೆ ಕವರು ಹೊಲಿಯುವವಳು ನಾನು. ಕೆಳಗೆ ಯಂತ್ರ ಓಡಿದರೆ ನನ್ನ ಸೂಜಿಯೂ ನಡುಗುತ್ತಿತ್ತು.

ನಿಯಮ ನಾದಿನಿಯದೇ. ಪ್ರತಿ ತೊಟ್ಟಿಲನ್ನೂ ನಾಲ್ಕು ಗಂಟೆ ಬಿಸಿಯಲ್ಲಿಟ್ಟು, ಅರ್ಧ ಗಂಟೆಗೊಮ್ಮೆ ಹಾಸಿಗೆಯ ಥರ್ಮಾಮೀಟರ್ ನೋಡಿ, ತೊಟ್ಟಿಲು ತಾನೇ ತೋರಿಸುವ ಅಂಕಿಯ ಪಕ್ಕದಲ್ಲಿ ಬರೆಯಬೇಕು. ಎಲ್ಲ ಮುಗಿದ ಮೇಲೆ ಅವಳ ಸಹಿ.

ಮೂರನೇ ವರ್ಷ ಒಂದು ಆಸ್ಪತ್ರೆ ಹನ್ನೆರಡು ತೊಟ್ಟಿಲು ಕೇಳಿತು. ಅದೇ ವಾರ ಕಾಲೇಜಿನಲ್ಲಿ ಪರೀಕ್ಷೆ. ನಾದಿನಿ ಅಂಕಿ ಬರೆಯುವ ಹನ್ನೆರಡು ಖಾಲಿ ಹಾಳೆಗೂ ನಿಂತಲ್ಲೇ ಸಹಿ ಹಾಕಿದಳು.

“ಮೇಡಂ, ಅಂಕಿ ಇಲ್ದೆ ಸಹೀನಾ?” ಬೆಸುಗೆಯಕ್ಕ ಕೇಳಿದಳು.

“ನೀವಿದ್ದೀರಲ್ಲಕ್ಕ.”

ಆರು ತೊಟ್ಟಿಲು ಅಳೆದು ಮುಗಿದಿದ್ದಾಗ ನಾದಿನಿಯ ಫೋನು ಬಂತು. ಬೆಸುಗೆಯಕ್ಕನ ಕೈಯಲ್ಲಿ ಕಾದ ಕಡ್ಡಿ ಇದ್ದುದರಿಂದ ಸ್ಪೀಕರ್ ಹಾಕಿ ಹಿಡಿದವಳು ನಾನು.

“ಗಾಡಿ ಕಳಿಸಿದೀನಿ. ಉಳಿದ ಆರಕ್ಕೂ ಅದೇ ಅಂಕಿ ಬರೆದು ಏರಿಸಿಬಿಡಿ. ಎಲ್ಲಾ ಒಂದೇ ತಾಯಿ ಮಕ್ಕಳು ತಾನೆ?”

ಮೂವರೂ ನಕ್ಕೆವು. ಆ ನಗು ನೆನಪಾದರೆ ಈಗಲೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಹತ್ತು ದಿನಕ್ಕೆ ಆಸ್ಪತ್ರೆಯ ಡಾಕ್ಟರೂ ನರ್ಸೂ ಬಂದರು. ಒಂದು ತೊಟ್ಟಿಲು ಮೂವತ್ತಾರು ಡಿಗ್ರಿ ಎಂದು ತೋರಿಸುತ್ತಿದ್ದಾಗ ಹಾಸಿಗೆ ಮೂವತ್ತೊಂಬತ್ತು ಇತ್ತಂತೆ. ಮಗುವಿನ ಬೆನ್ನು ಕೆಂಪಾದದ್ದು ಕಂಡು ನರ್ಸ್ ಎತ್ತಿಕೊಂಡಿದ್ದಳು. ಮಗು ಚೆನ್ನಾಗಿತ್ತು.

“ನನ್ನ ಕೈ ಹೇಳ್ತು. ನಿಮ್ಮ ಯಂತ್ರ ಹೇಳ್ಲಿಲ್ಲ,” ಎಂದಳು ನರ್ಸ್.

“ಪರೀಕ್ಷೆ ಮಾಡಿದ್ದು ಯಾರು?” ಡಾಕ್ಟರು ಕೇಳಿದರು.

ನಾದಿನಿ ಬೆಸುಗೆಯಕ್ಕನ ಕಡೆ ನೋಡಿದಳು. “ಅಳತೆ ತಗೊಳ್ಳೋದು ಇವರು. ನಾನು ನಂಬಿ ಸಹಿ ಹಾಕಿದೆ.”

ಬೆಸುಗೆಯಕ್ಕ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದೆ. ಆ ಸೂಜಿಯಲ್ಲಿ ಆಗಲೇ ದಾರ ಇತ್ತು.

ಮರುದಿನದಿಂದ ಬೆಸುಗೆಯಕ್ಕ ಬರಲಿಲ್ಲ. ಹನ್ನೆರಡೂ ತೊಟ್ಟಿಲು ವಾಪಸು ಬಂದವು. ನಾದಿನಿ ತಾನೇ ಕೂತು ಅಳೆದು, ಒಂದರಲ್ಲಿ ಸಡಿಲವಾಗಿದ್ದ ಸೆನ್ಸರ್ ಸರಿಪಡಿಸಿ ಮತ್ತೆ ಕಳಿಸಿದಳು. “ಆ ಹೆಂಗಸನ್ನ ತೆಗೆದ್ರಿ ತಾನೆ?” ಎಂದು ಆಸ್ಪತ್ರೆಯವರು ಕೇಳಿದರು. ಅವಳು “ಹೂಂ” ಅಂದಳು.

ದೇವರ ಮುಂದೆ ಕೂತರೆ ನನಗೆ ಬಾಯಿಯೇ ಬರುತ್ತಿರಲಿಲ್ಲ. ಒಂದು ಸಂಜೆ ನಾದಿನಿ ವಿದ್ಯಾರ್ಥಿನಿಯೊಬ್ಬಳ ಪ್ರಯೋಗದ ಪುಸ್ತಕ ತಂದು ನನ್ನ ಮುಂದಿಟ್ಟಳು. “ಎಲ್ಲಾ ಇಳಿಸಿಕೊಂಡಿದ್ದು. ಸುಮ್ನೆ ಸಹಿ ಹಾಕ್ದೆ. ಯಾವ ಮುಖ ಇಟ್ಕೊಂಡು ಗೆರೆ ಎಳೀಲಿ ಅತ್ತಿಗೆ?”

“ಫೋನ್ ಹಿಡಿದಿದ್ದು ನಾನು. ಅವರ ಮನೆಗೆ ಹೋಗೋಣ, ಏಳು,” ಅಂದೆ.

ಬೆಸುಗೆಯಕ್ಕ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದಳು. ತಪ್ಪಾಯಿತು ಎಂಬ ಮಾತನ್ನು ಪೂರ್ತಿ ಕೇಳಿದಳು.

“ಇಲ್ಲಿ ಹೇಳಿದ್ರೆ ನಂಗೂ ಈ ಗೋಡೇಗೂ ಗೊತ್ತಾಗುತ್ತೆ ಮೇಡಂ. ನಂಗೆ ಮೊದ್ಲೇ ಗೊತ್ತಿತ್ತು. ಎಲ್ಲಿ ನನ್ನ ಹೆಸರು ಕೆಡಿಸಿದ್ರೋ ಅಲ್ಲಿ ಹೋಗಿ ಹೇಳಿ.” ಆಮೇಲೆ ನನ್ನ ಕಡೆ ತಿರುಗಿದಳು. “ನಿಮ್ದು ದಾರ ಪೋಣಿಸಿ ಆಯ್ತಾ?”

ಮರುದಿನ ಅದೇ ಡಾಕ್ಟರು, ಅದೇ ನರ್ಸ್ ಮುಂದೆ ನಾದಿನಿ ಖಾಲಿ ಹಾಳೆಯ ಸಂಗತಿಯನ್ನೂ ಫೋನಿನ ಮಾತನ್ನೂ ನಾವು ನಕ್ಕದ್ದು ಸಮೇತ ಹೇಳಿದಳು. ಹೌದು, ನಾನೂ ಕೇಳಿದೆ ಎಂದೆ. ಯಾರೂ ನಮಗೆ ಕೂರಿ ಅನ್ನಲಿಲ್ಲ. ತೊಟ್ಟಿಲುಗಳು ಮತ್ತೆ ವಾಪಸು ಬಂದವು. ಈ ಸಲ ಅವನ್ನು ಯಾರೂ ಕೇಳಲಿಲ್ಲ.

ಬೆಸುಗೆಯಕ್ಕನಿಗೆ ಆ ನರ್ಸೇ ಫೋನ್ ಮಾಡಿ ನಾವು ಒಪ್ಪಿಕೊಂಡದ್ದನ್ನು ಹೇಳಿದ್ದಳಂತೆ. ವಾರದ ಮೇಲೆ ಬೆಸುಗೆಯಕ್ಕ ಮೆಟ್ಟಿಲು ಹತ್ತಿ ಬಂದಳು. ತೊಟ್ಟಿಲು ಪರೀಕ್ಷೆಯ ಖಾಲಿ ಹಾಳೆಗಳ ಕಟ್ಟನ್ನು ನಾದಿನಿಯ ಮೇಜಿನಿಂದ ಎತ್ತಿ ತನ್ನ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದಳು.

“ಅಂಕಿ ತುಂಬಿದ ಮೇಲೆ ಸಹಿಗೆ ಕೊಡ್ತೀನಿ.”

ನಾದಿನಿ ಥರ್ಮಾಮೀಟರ್ ತೆಗೆದುಕೊಂಡು ಮೊದಲ ತೊಟ್ಟಿಲಿನ ಪಕ್ಕ ಸ್ಟೂಲಿನ ಮೇಲೆ ಕೂತಳು. ನಾಲ್ಕು ಗಂಟೆ ಅವಳು ಓದಿ ಹೇಳಿದಳು, ಬೆಸುಗೆಯಕ್ಕ ಬರೆದುಕೊಂಡಳು. ಅಂಕಿಗಳನ್ನು ಬಿಟ್ಟು ಅವರಿಬ್ಬರ ನಡುವೆ ಆ ದಿನ ಬೇರೆ ಮಾತು ಬರಲಿಲ್ಲ.