ಹತ್ತು ನೂಲಿನ ತಪ್ಪು

ಆ ತಪ್ಪು ನನ್ನದು. ಆರ್ಮುಗಂ ಮೇಸ್ತ್ರಿಯವರದಲ್ಲ. ಆಲ್ಕೊಳದ ವಕೀಲರ ಹೊಸ ಮನೆಯ ಹಾಲ್‌ನಲ್ಲಿ, ನೆಂಟರಿಷ್ಟರ ಎದುರಿಗೆ, ಆ ಹಿರಿಯರು ‘ಅಳತೆ ತಪ್ಪಿದ್ದು ನಾನೇ’ ಎಂದು ತಲೆ ತಗ್ಗಿಸಿದಾಗ, ಅಲ್ಲಿದ್ದವರಲ್ಲಿ ಒಬ್ಬನಿಗೆ ಮಾತ್ರ ನಿಜ ಗೊತ್ತಿತ್ತು — ನನಗೆ. ನಾನು ಬಾಯಿ ಬಿಡಲಿಲ್ಲ. ಒಂದು ದಿನ ಅಲ್ಲ, ಒಂದು ತಿಂಗಳಲ್ಲ, ಏಳು ವರ್ಷ ಬಿಡಲಿಲ್ಲ.

ಇಷ್ಟು ಹೇಳಿ ನಿಲ್ಲಿಸಬೇಕು. ಆದರೆ ಆ ನೆಲವನ್ನು ನೆನೆದರೆ ಇವತ್ತಿಗೂ ಹೆಮ್ಮೆಯಿಂದ ನನ್ನ ಮೈ ಬಿಸಿಯಾಗುತ್ತದೆ — ನಾಚಿಕೆಗೇಡು, ಆದರೂ ನಿಜ. ಅದನ್ನು ಹೇಳದೆ ಇದನ್ನು ಹೇಳಲು ನನಗೆ ಬರುವುದಿಲ್ಲ.

ತೊಂಬತ್ತೊಂಬತ್ತರ ಬೇಸಿಗೆ. ನನಗೆ ಇಪ್ಪತ್ತೆಂಟು ವರ್ಷ, ಶಿವಮೊಗ್ಗದಲ್ಲಿ ಟೈಲ್ಸ್ ಹಾಕಿಸುವ ಕಂಟ್ರಾಕ್ಟು. ಊರಿನಲ್ಲಿ ಆಗ ನೆಲವೆಂದರೆ ರೆಡ್ ಆಕ್ಸೈಡ್, ಇಲ್ಲವೇ ಮೊಸಾಯಿಕ್; ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುವವರಾದರೆ ಗ್ರಾನೈಟ್. ಟೈಲ್ಸ್ ಹಾಕಿಸಿದವರು ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ನೆಲ ತೋರಿಸುತ್ತಿದ್ದ ಕಾಲ. ಅಂಥದ್ದರಲ್ಲಿ ವಕೀಲರ ಹೆಂಡತಿ ಗಿರಿಜಮ್ಮ ಒಂದು ಪತ್ರಿಕೆಯ ಪುಟ ಹಿಡಿದು ಬಂದರು. ಚಿತ್ರದಲ್ಲಿ ಒಂದೇ ಹಾಲ್‌ಗೆ ಎರಡು ನೆಲ — ಬಾಗಿಲ ಕಡೆ, ಊಟದ ಮೇಜಿನ ಕಡೆ ಟೈಲ್ಸ್. ಕೂತು ಮಾತಾಡುವ ಕಡೆ ಮರ. ನಡುವೆ ಗೋಡೆಯಿಲ್ಲ, ಮೆಟ್ಟಿಲಿಲ್ಲ, ಒಂದು ತೆಳ್ಳಗಿನ ಹಿತ್ತಾಳೆ ಪಟ್ಟಿ ಅಷ್ಟೆ. ನನಗೆ ಅದನ್ನು ನೋಡಿ ಊಟ ಸೇರಲಿಲ್ಲ! ನೀರು ಬೀಳುವಲ್ಲಿ ಟೈಲ್ಸ್, ಬರಿಗಾಲು ಇಡುವಲ್ಲಿ ಮರ — ಇಷ್ಟು ಸರಳವಾದದ್ದು ನಮಗೆ ಯಾರಿಗೂ ಯಾಕೆ ಹೊಳೆಯಲಿಲ್ಲ? ಮರ ಬಾಗಿಲಿಗೆ, ಹೆಚ್ಚೆಂದರೆ ಅಟ್ಟಕ್ಕೆ, ನೆಲಕ್ಕೆ ಹಾಕುವವರುಂಟೇ ಎಂದು ಜೊತೆಯವರು ನಕ್ಕರು. ನಗಲಿ ಎಂದುಕೊಂಡೆ. ಊರಿಗೇ ಮೊದಲನೆಯದು ನನ್ನ ಕೈಯಲ್ಲಿ ಆಗುತ್ತದೆ ಎನ್ನುವುದೊಂದೇ ನನ್ನ ತಲೆಯಲ್ಲಿ ಕುಣಿಯುತ್ತಿತ್ತು.

ಮರದ ಕೆಲಸಕ್ಕೆ ನಾನು ಹುಡುಕಿಕೊಂಡು ಹೋದದ್ದು ಭದ್ರಾವತಿಗೆ, ಆರ್ಮುಗಂ ಮೇಸ್ತ್ರಿಯವರ ಹತ್ತಿರ. ಅವರು ಮೂವತ್ತು ವರ್ಷ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿದ್ದವರು. ಕಬ್ಬಿಣದಲ್ಲಿ ಏನು ಎರಕ ಹೊಯ್ಯಬೇಕಾದರೂ ಮೊದಲು ಅದನ್ನು ಮರದಲ್ಲಿ ಮಾಡಬೇಕು; ಆ ಮರದ ಅಚ್ಚು ಮಾಡುವ ಕೈ ಅವರದು. ಕೆಲಸ ಕಡಿಮೆಯಾಗಿ ಬೇಗ ನಿವೃತ್ತಿ ತೆಗೆದುಕೊಂಡಿದ್ದರು. ಮನೆಯ ಹಿಂದಿನ ಶೆಡ್ಡಿನಲ್ಲಿ ಉಳಿ, ಮರ ಹೆರೆಯುವ ತೋಪಡ ಎಲ್ಲ ಒರೆಸಿ ಸಾಲಾಗಿ ಇಟ್ಟುಕೊಂಡು ಯಾರಾದರೂ ಕರೆಯುತ್ತಾರೇನೋ ಎಂದು ಕೂತಿದ್ದರು. ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. ಕಾರ್ಖಾನೆಯಲ್ಲಿ ತಾವು ಮಾಡಿದ್ದೆಲ್ಲ ಮರಳಿನಲ್ಲಿ ಹೂತು, ಕಬ್ಬಿಣವಾಗಿ ಎಲ್ಲಿಗೋ ಹೋಗುತ್ತಿತ್ತಂತೆ. ತಾವು ಮಾಡಿದ ಮರ ಮರವಾಗಿಯೇ ಉಳಿಯುವುದು ಇದೇ ಮೊದಲು ಎಂದರು. ಅವರಿಗೂ ನನ್ನ ಹುಚ್ಚೇ ಹಿಡಿಯಿತು. ಸಾಗುವಾನಿ ಆರಿಸುವುದಕ್ಕೆ ಮೂರು ಸಾ ಮಿಲ್ಲು ಸುತ್ತಿದೆವು. ಅವರು ಹಲಗೆಗೆ ಕಿವಿಕೊಟ್ಟು ಬೆರಳಲ್ಲಿ ತಟ್ಟಿ ನೋಡುವುದನ್ನು ಕಂಡು ಮಿಲ್ಲಿನವನು ‘ಹೆಣ್ಣು ನೋಡಕ್ಕೆ ಬಂದಿದೀರೋ, ಮರ ನೋಡಕ್ಕೋ’ ಎಂದು ಕಿಚಾಯಿಸಿದ.

ಹಾಲ್ ಇಪ್ಪತ್ತಡಿ ಉದ್ದ. ಹತ್ತಡಿ ಟೈಲ್ಸ್ ನನ್ನದು, ಹತ್ತಡಿ ಮರ ಅವರದು. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಅದಕ್ಕೆ ನಾಲ್ಕು ನೂಲು ಸಂದು ಬಿಡಬೇಕು, ಹಿತ್ತಾಳೆ ಪಟ್ಟಿ ಅದನ್ನು ಮುಚ್ಚುತ್ತದೆ ಎಂದು ಅವರು ಹೇಳಿಕೊಟ್ಟರು. ನೂಲು ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಮರಗೆಲಸದವರಿಗೆ ಅದಕ್ಕಿಂತ ಸಣ್ಣ ಅಳತೆ ಬೇಕಾಗುವುದಿಲ್ಲ. ಹಲಗೆಗಳನ್ನೆಲ್ಲ ಭದ್ರಾವತಿಯಲ್ಲೇ ಕೊಯ್ದು, ನಂಬರ್ ಬರೆದು ತಂದರು. ಹಲಗೆಯ ಅಡಿಗೆ ಬರುವ ಮರದ ಪಟ್ಟಿಗಳನ್ನು ಕೂರಿಸಿ, ಉಪಕರಣದ ಚೀಲವನ್ನು ಅಲ್ಲೇ ಬಿಟ್ಟು, ನನ್ನ ಟೈಲ್ಸ್ ಮುಗಿಯುವವರೆಗೆ ಊರಿಗೆ ಹೋದರು.

ನನ್ನ ಟೇಪಿನ ಸ್ಪ್ರಿಂಗ್ ಕೈಕೊಟ್ಟದ್ದು ಆಗಲೇ. ಗಾಂಧಿ ಬಜಾರಿಗೆ ಹೋಗಿ ಹೊಸದು ತರುವಷ್ಟು ತಾಳ್ಮೆ ನನಗಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಸಿಮೆಂಟು ಕಲಸಿಟ್ಟಾಗಿತ್ತು, ಕೈ ತುರಿಸುತ್ತಿತ್ತು. ಮೇಸ್ತ್ರಿಯವರ ಚೀಲದಲ್ಲಿ ಎರಡಡಿಯ ಒಂದು ಉಕ್ಕಿನ ಸ್ಕೇಲ್ ಕಂಡಿತು — ಹಳೆಯದು, ಆದರೆ ಗೆರೆಗಳು ಒಂದೊಂದೂ ಸ್ಪಷ್ಟ. ಕೇಳಿರಲಿಲ್ಲ. ತೆಗೆದುಕೊಂಡೆ. ಐದು ಸಲ ಇಟ್ಟು ಹತ್ತಡಿಗೆ ಗೆರೆ ಎಳೆದೆ, ಟೈಲ್ಸ್ ಕೂರಿಸಿದೆ, ಸ್ಕೇಲ್ ಒರೆಸಿ ಇದ್ದ ಕಡೆಯೇ ಇಟ್ಟೆ. ಗೋಡೆಯ ಬುಡಕ್ಕೆ ಹೇಗೂ ತುಂಡು ಟೈಲ್ಸ್ ಬರಬೇಕಿತ್ತು, ಆದ್ದರಿಂದ ಒಂದಿಂಚು ಹೆಚ್ಚಾದರೂ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಮರ ಹಾಕುವ ದಿನ ಮನೆ ತುಂಬ ಜನ. ಗೃಹಪ್ರವೇಶಕ್ಕೆ ಎರಡೇ ದಿನವಿತ್ತು. ಗಿರಿಜಮ್ಮನವರ ಅಕ್ಕ, ಭಾವ, ವಕೀಲರ ಸ್ನೇಹಿತರು ಎಲ್ಲ ಈ ಹೊಸ ಬಗೆಯ ನೆಲ ನೋಡಲು ಗೋಡೆಗೆ ಒರಗಿ ನಿಂತಿದ್ದರು. ಮೇಸ್ತ್ರಿಯವರು ಗೋಡೆಯಿಂದ ಶುರುಮಾಡಿ ಒಂದೊಂದೇ ಹಲಗೆ ಕೂರಿಸುತ್ತ ಬಂದರು. ಏನು ಕೈ ಅದು! ಎರಡು ಹಲಗೆಯ ನಡುವೆ ಬ್ಲೇಡು ತೂರುತ್ತಿರಲಿಲ್ಲ. ಮರದ ಮಟ್ಟ, ಟೈಲ್ಸ್ ಮಟ್ಟ ಒಂದೇ. ನಾನು ಕಣ್ಣು ಮುಚ್ಚಿಕೊಂಡು ಅತ್ತಿಂದಿತ್ತ ನಡೆದು ತೋರಿಸಿದೆ, ನೋಡುವವರು ಚಪ್ಪಾಳೆ ತಟ್ಟುವುದೊಂದು ಬಾಕಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ — ನನಗೆ ಅವತ್ತು ಹಾಡುಹಗಲೇ ಕೊಡೆ ಬೇಕಾಗಿತ್ತು.

ಕೊನೆಯ ಹಲಗೆ ಕೂರಲಿಲ್ಲ.

ಮೇಸ್ತ್ರಿಯವರು ತಿರುಗಿಸಿ ನೋಡಿದರು, ನಂಬರ್ ನೋಡಿದರು, ಮತ್ತೆ ಇಟ್ಟರು. ಸಂದು ಬಿಡುವುದಿರಲಿ, ಹಲಗೆಗೇ ಜಾಗವಿಲ್ಲ. ತಲೆಯೆತ್ತಿ ನನ್ನನ್ನು ಕೇಳಿದರು.

“ತಂಬಿ, ಟೈಲ್ಸ್ ಹತ್ತಡಿಗೇ ನಿಲ್ಸಿದೀಯಾ?”

“ಸರಿಯಾಗಿ ಹತ್ತಡಿ ಮೇಸ್ತ್ರಿ. ನಾನೇ ಅಳ್ದಿದೀನಿ.”

ಈ ಮಾತು ಆಡಿದಾಗ ನಾನು ಸುಳ್ಳು ಹೇಳುತ್ತಿರಲಿಲ್ಲ. ಅವರು ನನ್ನ ಮಾತಿನ ಮೇಲೆ ಟೇಪು ಹಿಡಿಯಲೂ ಇಲ್ಲ — ಕೆಲಸಗಾರ ಅಳೆದಿದ್ದೇನೆ ಎಂದ ಮೇಲೆ ಇನ್ನೊಬ್ಬ ಕೆಲಸಗಾರ ಅದರ ಮೇಲೆ ಅಳೆಯುವುದು ಅವರ ಪ್ಯಾಟರ್ನ್ ಶಾಪಿನಲ್ಲಿ ಮರ್ಯಾದೆಯಲ್ಲವಂತೆ. ಪೆನ್ಸಿಲಿನಿಂದ ಗೆರೆ ಹಾಕಿ, ಬಿಡಬೇಕಾದ ಸಂದನ್ನೂ ಸೇರಿಸಿ ಲೆಕ್ಕ ಹಾಕಿದರು. ಜಾಗ ಹತ್ತು ನೂಲು ಕಡಿಮೆ. ಆ ಸಂಖ್ಯೆ ಬಂದ ಕೂಡಲೇ ಅವರ ಮುಖ ಇಳಿಯಿತು. ಚೀಲದಿಂದ ಆ ಉಕ್ಕಿನ ಸ್ಕೇಲ್ ತೆಗೆದು ಗಿರಿಜಮ್ಮನವರಿಗೆ ತೋರಿಸಿದರು.

“ಇದು ಎರಕದ ಸ್ಕೇಲ್ ಅಮ್ಮ. ಕಬ್ಬಿಣ ಆರಿದಾಗ ಕುಗ್ಗುತ್ತೆ, ಅದಕ್ಕೆ ಅಚ್ಚು ದೊಡ್ಡದಾಗಿರ್ಬೇಕು. ಇದ್ರಲ್ಲಿ ಪ್ರತಿ ಅಡಿಗೂ ಒಂದು ನೂಲು ಜಾಸ್ತಿ ಇಟ್ಟೇ ಗೆರೆ ಕೊರ್ದಿರ್ತಾರೆ. ಮೂವತ್ತು ವರ್ಷದ ಅಭ್ಯಾಸ, ಹಲಗೆ ಕೊಯ್ಯುವಾಗ ಗೊತ್ತಿಲ್ದೆ ಇದನ್ನೇ ಹಿಡ್ಕೊಂಡಿದೀನಿ. ಅಳತೆ ತಪ್ಪಿದ್ದು ನಾನೇ.”

ಹತ್ತಡಿ ಮರಕ್ಕೆ ಹತ್ತು ನೂಲು. ಲೆಕ್ಕ ಅಷ್ಟು ಸರಿಯಾಗಿ ಹೊಂದಿಕೊಂಡ ಮೇಲೆ ಅವರಿಗೆ ತಮ್ಮ ಮೇಲೆ ಅನುಮಾನವೇ ಉಳಿಯಲಿಲ್ಲ. ಆದರೆ ಟೈಲ್ಸೂ ಹತ್ತಡಿಯೇ — ಅದಕ್ಕೂ ಹತ್ತೇ ನೂಲು. ಆ ಸ್ಕೇಲ್ ಹಿಡಿದದ್ದು ಅವರಲ್ಲ, ನಾನು. ‘ನಿಲ್ಲಿ ಮೇಸ್ತ್ರಿ’ ಎಂದರೆ ಸಾಕಿತ್ತು. ಎಲ್ಲರೂ ಆಗಷ್ಟೇ ನನ್ನನ್ನು ಹೊಗಳಿದ್ದರು... ವಕೀಲರ ಸ್ನೇಹಿತರೊಬ್ಬರು ತಮ್ಮ ಮನೆಗೂ ಹೀಗೇ ಮಾಡಿಕೊಡಬೇಕೆಂದು ಕೇಳಿದ್ದರು... ನಾನು ಕೆಳಗೆ ಬಗ್ಗಿ, ಇಲ್ಲದ ಸಿಮೆಂಟಿನ ಕಲೆಯನ್ನು ಬಟ್ಟೆಯಿಂದ ಒರೆಸತೊಡಗಿದೆ.

ಗಿರಿಜಮ್ಮ ಸಿಟ್ಟಾಗಲಿಲ್ಲ. ಪರವಾಗಿಲ್ಲ ಬಿಡಿ, ವಯಸ್ಸಾಯ್ತಲ್ಲ ಎಂದರು. ಸಿಟ್ಟಾಗಿದ್ದರೇ ಚೆನ್ನಾಗಿತ್ತು. ಮೇಸ್ತ್ರಿಯವರು ಎಲ್ಲರೂ ನೋಡುತ್ತಿದ್ದಂತೆಯೇ ಕೊನೆಯ ಹಲಗೆಯನ್ನು ಕೊಯ್ದು, ತೋಪಡ ಹೊಡೆದು, ಸಂದು ಬಿಟ್ಟು ಕೂರಿಸಿ, ಹಿತ್ತಾಳೆ ಪಟ್ಟಿ ಹಾಕಿದರು. ನೆಲ ಅದ್ಭುತವಾಗಿ ಬಂತು. ಎಷ್ಟೋ ಮಳೆಗಾಲ ಕಳೆದರೂ ಒಂದು ಹಲಗೆ ಎದ್ದಿಲ್ಲ, ಒಂದು ಟೈಲ್ಸ್ ಬಿಟ್ಟಿಲ್ಲ. ಊರೆಲ್ಲ ಬಂದು ನೋಡಿತು. ನಾನು ಮೇಲೆ ಬಂದದ್ದು ಆ ನೆಲದ ಮೇಲೆ ಕಾಲಿಟ್ಟೇ.

ಮುಂದಿನ ಮನೆಗೆ ಕರೆಯಲು ಭದ್ರಾವತಿಗೆ ಹೋದಾಗ ಶೆಡ್ಡಿನ ಬಾಗಿಲಿಗೆ ಬೀಗ. ಉಪಕರಣಗಳನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಕಣ್ಣು ಸರಿ ಇದೆ, ಆದರೆ ಕೈಯನ್ನು ನಂಬುವ ಹಾಗಿಲ್ಲ, ತಾನು ಏನು ಹಿಡಿದಿದ್ದೇನೆಂದು ಅದಕ್ಕೇ ಗೊತ್ತಾಗುವುದಿಲ್ಲ ಎಂದು ನಕ್ಕರು. ಆಗಲೂ ಹೇಳಬಹುದಿತ್ತು. ಕಾಫಿ ಕುಡಿದು ಬಂದೆ. ಬೇರೆಯವರನ್ನು ಹಿಡಿದು ಕೆಲಸ ಮುಗಿಸಿದೆ.

ಆಮೇಲೆ ಅವರು ಸಿಕ್ಕಿದ್ದು ಮಲವಗೊಪ್ಪದ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ. ಗಾಡಿಗಳಿಗೆ ಗಾಳಿ ಹೊಡೆಯುವ ಕೆಲಸ. ಭದ್ರಾವತಿಗೆ ಹೋಗಿಬರುವಾಗೆಲ್ಲ ನಾನು ಬೇಡವಾದರೂ ನಿಲ್ಲುತ್ತಿದ್ದೆ. ಪ್ರತಿ ಸಲವೂ ಗಾಳಿ ತುಂಬಿ, ಮೀಟರನ್ನು ನನ್ನ ಕಡೆ ತಿರುಗಿಸಿ, ನೀನೇ ಒಂದು ಸಲ ನೋಡಿಬಿಡು ತಂಬಿ ಎನ್ನುತ್ತಿದ್ದರು. ಕಾಗದದ ತೆಳುವಿಗೆ ಮರ ಕೆತ್ತಿದ ಮನುಷ್ಯ! ಸರಿ ಇದೆ ಮೇಸ್ತ್ರಿ ಎಂದು ಹೇಳಿ ಹೊರಡುತ್ತಿದ್ದೆ. ಅದೆಷ್ಟು ಸಲ ಹೇಳಿದೆನೋ.

ಕಳೆದ ವಾರ ಗಿರಿಜಮ್ಮ ಫೋನ್ ಮಾಡಿದರು. ಮಗಳು ಹೊಳಲೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾಳೆ, ಅಂಥದೇ ನೆಲ ಬೇಕು, ಆದರೆ ಅಳತೆ ತಪ್ಪಿಸಿದ ಆ ಮುದುಕರು ಮಾತ್ರ ಬೇಡ ಎಂದರು. ಏಳು ವರ್ಷದ ಮೇಲೂ ಆ ಮನೆಯಲ್ಲಿ ಅವರ ಹೆಸರು ಅದೇ! ನನಗೇನಾಯಿತೋ, ಫೋನಿನಲ್ಲೇ ಎಲ್ಲ ಹೇಳಿಬಿಟ್ಟೆ — ಟೇಪು, ಚೀಲ, ಸ್ಕೇಲ್, ಎಲ್ಲ. ಆ ಕಡೆಯಿಂದ ಉತ್ತರ ಬರುವ ಮೊದಲೇ ಇಟ್ಟು, ಬೈಕ್ ಹತ್ತಿ ಮಲವಗೊಪ್ಪಕ್ಕೆ ಹೋದೆ. ಹೇಗೆ ಹೇಳಲಿ — ದಾರಿಯುದ್ದಕ್ಕೂ ಒಂದು ಬಗೆಯ ಸಂಭ್ರಮ. ಇನ್ನು ಹತ್ತು ನಿಮಿಷದಲ್ಲಿ ಅವರಿಗೆ ಗೊತ್ತಾಗುತ್ತದೆ, ಅವರ ಕೈ ಎಂದೂ ತಪ್ಪಿರಲಿಲ್ಲ ಎಂದು! ಕಳ್ಳನಿಗೆ ಕದ್ದ ಮಾಲು ವಾಪಸು ಕೊಡುವ ಖುಷಿ.

ಅವರು ಪೈಪು ಕೈಯಲ್ಲೇ ಹಿಡಿದು, ನಾನು ಮುಗಿಸುವವರೆಗೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ.

“ಅವತ್ತೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಇದ್ದವು. ಒಂದೂ ಆಡಲಿಲ್ಲ. ಆಡಿದ್ದರೆ ಅವೆಲ್ಲ ನನ್ನ ಪರವಾಗಿಯೇ ಇರುತ್ತಿದ್ದವು.

ಅವರು ಬೈಯಲಿಲ್ಲ. ರಸ್ತೆಯ ಕಡೆ ನೋಡುತ್ತ, ನನಗಲ್ಲ ಎನ್ನುವ ಹಾಗೆ ಹೇಳಿದರು:

“ಮೊಮ್ಮಗಳು ಕೂತು ಬರೆಯಕ್ಕೆ ಒಂದು ಮಣೆ ಮಾಡ್ಕೊಡು ತಾತ ಅಂತ ಎಷ್ಟು ಸಲ ಕೇಳಿದ್ಲು ತಂಬಿ. ಅಂಗಡಿಯಿಂದ ಪ್ಲಾಸ್ಟಿಕ್ಕಿಂದು ತಂದುಕೊಟ್ಟೆ.”